ಗಾಯವೂ ಸಾಕ್ಷಿ ನುಡಿಯುತ್ತದೆ

ಎಗ್ಮೋರ್ ರೈಲು ನಿಲ್ದಾಣವನ್ನು ಕಾಣದ ಕನ್ನಡಿಗರು ಈ ಊರಿನಲ್ಲಿ ವಿರಳ. ನಂಟರನ್ನು ಕರೆತರಲೋ ಕಳುಹಿಸಿಬರಲೋ 1908ರಲ್ಲಿ ತೆರೆದ ಆ ಕೆಂಪು ಕಟ್ಟಡಕ್ಕೆ ನಾವೆಲ್ಲರೂ ಒಮ್ಮೆಯಾದರೂ ಹೋಗಿಯೇ ಇದ್ದೇವೆ. ಅದೇ ನಿಲ್ದಾಣದಿಂದ 1952ರ ಆಗಸ್ಟ್ ತಿಂಗಳ ಕೊನೆಯಲ್ಲಿ ಧನುಷ್ಕೋಟಿಯ ಕಡೆಗೆ ಹೊರಟ ಬೋಟ್ ಮೇಲ್ ಗಾಡಿಯಲ್ಲಿ ವಾರಸುದಾರರಿಲ್ಲದ ಒಂದು ಪೆಟ್ಟಿಗೆಯೂ ಹೊರಟಿತು. ದುರ್ಗಂಧ ಬರುತ್ತಿದ್ದುದರಿಂದ ಮಾನಾಮಧುರೈಯಲ್ಲಿ ಅದನ್ನು ಇಳಿಸಿ ತೆರೆದು ನೋಡಿದರೆ ಒಳಗಿದ್ದದ್ದು ತಲೆಯಿಲ್ಲದ ಗಂಡಸಿನ ದೇಹ! ತಲೆಯು ರಾಯಪುರಂ ಕಡಲತೀರದಲ್ಲಿ ದೊರೆಯಿತು. ತಲೆಯೂ ಮುಂಡವೂ ಒಬ್ಬನವೇ ಎಂದು ಮದರಾಸ್ ಮೆಡಿಕಲ್ ಕಾಲೇಜಿನ ನ್ಯಾಯವೈದ್ಯಶಾಸ್ತ್ರದ ಪ್ರಾಧ್ಯಾಪಕರು ನಿರ್ಣಯಿಸಿದರು. ಬೆರಳಚ್ಚುಗಳು ಸೈನ್ಯದ ಹಳೆಯ ದಾಖಲೆಯೊಡನೆ ಸರಿಹೊಂದಿದವು. ಆಳವಂದಾರ್ ಕೊಲೆ ಮೊಕದ್ದಮೆಯೆಂದು ಹೆಸರಾದ ಈ ಪ್ರಕರಣದಲ್ಲಿ 1953ರಲ್ಲಿ ಅಪರಾಧಿಗಳಿಗೆ ಶಿಕ್ಷೆಯಾಯಿತು.

ಇಂತಹ ಭಯಂಕರ ಸಂಗತಿ ಕುಟುಂಬದ ಪತ್ರಿಕೆಗೆ ಏಕೆ ಎಂದು ನಮ್ಮ ಸೋದರಿಯರು ಕೇಳಬಹುದು. ಕೊಲೆಯ ಕಥೆ ಹೇಳುವುದು ನಮ್ಮ ಉದ್ದೇಶವಲ್ಲ. ಮಾತನಾಡಲಾರದವರ ಪರವಾಗಿ ದೇಹವೇ ಮಾತನಾಡುತ್ತದೆ, ಆ ಭಾಷೆಯನ್ನು ಬಲ್ಲ ವೈದ್ಯರಿದ್ದಾರೆ ಎಂಬುದನ್ನು ತಿಳಿಸಬೇಕೆಂದಷ್ಟೇ ಇದನ್ನು ನೆನೆದೆವು.

ಮನೆಯಲ್ಲಿ ನಾವು ಎಲ್ಲವನ್ನೂ 'ಪೆಟ್ಟು' ಎಂದು ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ವೈದ್ಯರು ಹಾಗೆ ಮುಗಿಸುವುದಿಲ್ಲ. ಚರ್ಮದ ಮೇಲ್ಪದರ ಮಾತ್ರ ಉಜ್ಜಿಹೋದರೆ ಅದು ತರಚುಗಾಯ. ಅಲ್ಪವೆಂದು ನಾವು ಕಡೆಗಣಿಸುವ ಇದೇ ಹಲವೊಮ್ಮೆ ಹೆಚ್ಚಿನದನ್ನು ಹೇಳುತ್ತದೆ. ಉಗುರು ನಾಟಿದ್ದರೆ ಅರ್ಧಚಂದ್ರದ ಗುರುತು; ರಸ್ತೆಯಲ್ಲಿ ಎಳೆದುಕೊಂಡು ಹೋಗಿದ್ದರೆ ಎಳೆದ ದಿಕ್ಕಿಗೆ ಗೀರುಗಳು. ಚರ್ಮ ಒಡೆಯದೆ ಒಳಗಿನ ಸಣ್ಣ ರಕ್ತನಾಳಗಳು ಒಡೆದರೆ ಮೂಗೇಟು. ಕಲ್ಲು, ದೊಣ್ಣೆಗಳಂಥ ಮೊಂಡು ವಸ್ತುವಿನಿಂದ ಚರ್ಮ ಬಿರಿದರೆ ಹರಿದ ಗಾಯ. ಅದರ ಅಂಚು ಅಂಕುಡೊಂಕು, ನಡುವೆ ಎಳೆ ಎಳೆಯಾಗಿ ಮಾಂಸದ ತಂತುಗಳು ಉಳಿದಿರುತ್ತವೆ. ಹರಿತವಾದ ಅಲಗಿನಿಂದಾದ ಕೊಯ್ದ ಗಾಯದ ಅಂಚು ನೇರ, ಆಳಕ್ಕಿಂತ ಉದ್ದ ಹೆಚ್ಚು. ಇರಿತದಲ್ಲಾದರೋ ಉದ್ದಕ್ಕಿಂತ ಆಳವೇ ಹೆಚ್ಚು. ಹೊರಗೆ ಚಿಕ್ಕದಾಗಿ ಕಂಡು ಒಳಗೆ ಪ್ರಾಣವನ್ನೇ ತೆಗೆಯಬಲ್ಲದು.

ಆದರೂ ಕಣ್ಣು ಮೋಸಹೋಗುವುದುಂಟು. ತಲೆಯ ಚರ್ಮದ ಕೆಳಗೇ ಬುರುಡೆ ಇರುವುದರಿಂದ ದೊಣ್ಣೆಯ ಏಟಿಗೂ ಅದು ಕತ್ತಿಯಿಂದ ಕೊಯ್ದಂತೆ ಬಿರಿಯುತ್ತದೆ. ಆಗ ವೈದ್ಯರು ಭೂತಕನ್ನಡಿ ಹಿಡಿದು ಕೂದಲಿನ ಬುಡ ಜಜ್ಜಿದೆಯೇ, ನೇರವಾಗಿ ಕತ್ತರಿಸಿದೆಯೇ ಎಂದು ಪರೀಕ್ಷಿಸುತ್ತಾರೆ. ಅಂಗೈಯಲ್ಲೂ ಮುಂಗೈಯಲ್ಲೂ ಗಾಯಗಳಿದ್ದರೆ ಆ ವ್ಯಕ್ತಿ ಏಟನ್ನು ತಡೆಯಲು ಕೈ ಅಡ್ಡ ಹಿಡಿದಿರಬೇಕೆಂದು ಊಹಿಸುತ್ತಾರೆ.

ಮೂಗೇಟಿನ ಬಣ್ಣ ನಮ್ಮ ತಾಯಂದಿರಿಗೆ ಹೊಸದಲ್ಲ. ಮೊದಲು ಕೆಂಪು, ಬಳಿಕ ನೀಲಿ, ಕೆಲವು ದಿನಕ್ಕೆ ಹಸಿರು, ಆಮೇಲೆ ಹಳದಿ, ಸುಮಾರು ಎರಡು ವಾರಕ್ಕೆ ಮಾಯ. ಹೆಪ್ಪುಗಟ್ಟಿದ ರಕ್ತದ ಕೆಂಪು ದ್ರವ್ಯ ಒಡೆಯುತ್ತಾ ಹೋಗುವುದೇ ಇದಕ್ಕೆ ಕಾರಣ. ಆದರೆ ಬಣ್ಣ ನೋಡಿ ಇಂಥ ದಿನವೇ ಪೆಟ್ಟಾಯಿತೆಂದು ಖಚಿತವಾಗಿ ಹೇಳಲಾಗದೆಂದು ಇಂದಿನ ವೈದ್ಯರು ಎಚ್ಚರಿಸುತ್ತಾರೆ. ವಯಸ್ಸು, ಪೆಟ್ಟಿನ ಜಾಗ, ಮೈಬಣ್ಣ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ನಡೆಯಲು ಕಲಿಯುವ ಮಗು ಬಿದ್ದರೆ ಮೊಣಕಾಲಿಗೆ, ಹಣೆಗೆ ಪೆಟ್ಟಾಗುವುದು ಸಹಜ. ಕಿವಿ, ಬೆನ್ನು, ತೋಳಿನ ಮೇಲ್ಭಾಗಗಳಲ್ಲಿ ಮತ್ತೆ ಮತ್ತೆ ಕಲೆ ಕಂಡರೆ ವೈದ್ಯರಿಗೆ ಅನುಮಾನ ಬರುತ್ತದೆ. ದೊಡ್ಡವರ ಏಟಿಗೆ ಸಿಕ್ಕಿದ ಮಕ್ಕಳ ಗಾಯಗಳನ್ನು ಗುರುತಿಸುವ ಬಗೆಯನ್ನು ಅಮೆರಿಕದ ಡಾಕ್ಟರ್ ಕೆಂಪ್ ಮತ್ತು ಅವರ ಸಂಗಡಿಗರು 1962ರಲ್ಲಿ ವೈದ್ಯಲೋಕದ ಮುಂದಿಟ್ಟರು.

ಕಾನೂನಿನ ವಿಂಗಡಣೆ ಬೇರೆ. ಅದಕ್ಕೆ ಗಾಯ ಸಾಧಾರಣವೇ, ತೀವ್ರವೇ ಎಂಬುದು ಮುಖ್ಯ. ಕಣ್ಣು ಅಥವಾ ಕಿವಿ ಶಾಶ್ವತವಾಗಿ ಹೋಗುವುದು, ಮುಖ ವಿಕಾರವಾಗುವುದು, ಮೂಳೆ ಮುರಿಯುವುದು ಇವೆಲ್ಲ ತೀವ್ರ. ಒಂದು ಹಲ್ಲು ಮುರಿದರೂ ತೀವ್ರವೇ! ಹಳೆಯ ದಂಡಸಂಹಿತೆಯಲ್ಲಿ 20 ದಿನ ತೀವ್ರ ನೋವಿನಿಂದ ನರಳಿದರೆ ಈ ವರ್ಗಕ್ಕೆ ಸೇರುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 15 ದಿನಕ್ಕೆ ಇಳಿದಿದೆ.

ಇನ್ನು ನಮ್ಮ ಮನೆಯ ಮಾತು. ಗಾಯವಾದರೆ ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿದು ಆಸ್ಪತ್ರೆಗೆ ಹೋಗಿರಿ. ಕಾಫಿಪುಡಿ, ಅರಿಶಿನ ತುಂಬಬೇಡಿರಿ. ಗಾಯಕ್ಕೆ ಕೀವು ತುಂಬುವ ಭಯವಿರುವುದಲ್ಲದೆ ಅದರ ಅಂಚೂ ಮುಚ್ಚಿಹೋಗುತ್ತದೆ. ಪೊಲೀಸರು ಬರಲಿ ಎಂದು ವೈದ್ಯರು ಕಾಯುವಂತಿಲ್ಲ. ಮೊದಲು ಚಿಕಿತ್ಸೆ, ಆಮೇಲೆ ಕಾಗದಪತ್ರ ಎಂದು ಸುಪ್ರೀಂ ಕೋರ್ಟು 1989ರಲ್ಲಿಯೇ ತೀರ್ಪಿತ್ತಿದೆ. ಗಾಯದ ಜಾಗ, ಅಳತೆ, ಬಣ್ಣಗಳನ್ನು ವೈದ್ಯರು ಅಂದೇ ಬರೆದಿಡುವ ಹಾಗೆ ನೋಡಿಕೊಳ್ಳಿರಿ. ಬಣ್ಣ ಎರಡು ವಾರಕ್ಕೆ ಅಳಿಯುತ್ತದೆ, ಬರಹ ಅಳಿಯುವುದಿಲ್ಲ.

ಕೊನೆಗೆ ಒಂದು ಮಾತು. ಮನೆಯವರ ಕೈಯಿಂದಲೇ ಏಟು ತಿಂದು 'ಬಚ್ಚಲಲ್ಲಿ ಜಾರಿಬಿದ್ದೆ' ಎಂದು ವೈದ್ಯರ ಮುಂದೆ ತಲೆತಗ್ಗಿಸುವ ಸೋದರಿಯರು ನಮ್ಮವರಲ್ಲಿಯೂ ಇಲ್ಲವೆನ್ನಲಾರೆವು. ಮಾನಕ್ಕೆ ಅಂಜಿ ಹೇಳುವ ಆ ಸುಳ್ಳನ್ನು ನಂಬಲು ಮೈಮೇಲಿನ ಮೂಗೇಟು ಒಪ್ಪುವುದಿಲ್ಲ. ನಿಜವನ್ನೇ ಹೇಳಿರಿ, ತಾಯಿ. ನೀವು ಬಾಯಿ ಬಿಟ್ಟರೆ ನಿಮ್ಮ ಗಾಯ ನಿಮ್ಮ ಪರವಾಗಿ ಸಾಕ್ಷಿ ನಿಲ್ಲುತ್ತದೆ.