ಕುಡಿಯೋಕೆ ಬೋರ್ಡು, ಬಿಡೋಕೆ ಗುಟ್ಟು

"ಮನಸ್ಸಿದ್ರೆ ಬಿಡ್ತಾನೆ ಬಿಡ್ರೀ" ಅನ್ನೋ ಮಾತು ಕೇಳಿ ಕೇಳಿ ಸಾಕಾಗಿದೆ. ಅಲ್ಲ ಸ್ವಾಮೀ, ಮನಸ್ಸು ಮಾಡಿದವನು ಹೋಗಬೇಕಾದ್ದು ಎಲ್ಲಿಗೆ? ಅದನ್ನ ಯಾರಾದ್ರೂ ಹೇಳಿದ್ದೀರಾ? ನಮ್ಮೂರ ಬಸ್‌ಸ್ಟ್ಯಾಂಡಲ್ಲಿ ಇಳಿದರೆ ಬಾರು, ವೈನ್‌ಶಾಪು, ಸರ್ಕಾರದ್ದೇ ಮದ್ಯದ ಮಳಿಗೆ, ಎಲ್ಲಕ್ಕೂ ಲೈಟು ಹಾಕಿದ ಬೋರ್ಡು. ಕುಡಿತ ಬಿಟ್ಟವರೂ ಬಿಡಬೇಕು ಅನ್ನೋರೂ ಒಟ್ಟಿಗೆ ಕೂರುವ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ ಮೀಟಿಂಗ್ ಎಲ್ಲಿ ಅಂತ ಅದೇ ಬಸ್‌ಸ್ಟ್ಯಾಂಡಲ್ಲಿ ಕೇಳಿ ನೋಡಿ. ಮೊದಲು ನಿಮ್ಮ ಮುಖ ನೋಡ್ತಾರೆ, ಆಮೇಲೆ ನಗ್ತಾರೆ.

ನನ್ನ ಚಿಕ್ಕಮ್ಮನ ಮಗನಿಗೆ 41 ವರ್ಷ. ಹೋದ ವರ್ಷ ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಚೀಟಿ ಕೊಟ್ಟರು. ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಊಟಕ್ಕೆ ಮುಂಚೆಯೋ ಆಮೇಲೋ, ಎಲ್ಲ ಬರೆದಿತ್ತು. ಕೊನೇ ಸಾಲು: ಎಎ ಮೀಟಿಂಗಿಗೆ ಹೋಗುವುದು. ಎಲ್ಲಿ? ಯಾವ ವಾರ? ಯಾವ ಭಾಷೆ? ಊಹೂಂ. ಮಾತ್ರೆ ಬರೆದು ಅಂಗಡಿಯಲ್ಲಿ ಸಿಗುತ್ತೋ ಇಲ್ಲವೋ ನಿನ್ನ ಹಣೆಬರಹ ಅಂದ ಹಾಗೆ!

ಹುಡುಕೋ ಕೆಲಸ ನನ್ನ ತಲೆಗೆ ಬಂತು. ಮೊದಲನೇ ನಂಬರು ಅಸ್ತಿತ್ವದಲ್ಲೇ ಇಲ್ಲ. ಎರಡನೆಯವರು "ಅದು ಕೊರೊನಾಕ್ಕೆ ಮುಂಚೆ ಇತ್ತು" ಅಂದರು. ಮೂರನೆಯದು ಬೆಂಗಳೂರಲ್ಲಿ ಸಿಕ್ಕಿತು, ಇಂಗ್ಲಿಷಿನದು. ಹೋಗಿ ಬಂದ. ಎಲ್ಲರೂ ಒಳ್ಳೆಯವರೇ, ಟೀ ಕೊಟ್ಟರಂತೆ. ಅವನಿಗೆ ಆಫೀಸಿನ ಇಂಗ್ಲಿಷ್ ಬರುತ್ತೆ. ಆದರೆ ಹೆಂಡತಿಯ ಸರ ಅಡ ಇಟ್ಟಿದ್ದನ್ನ, ಮಗಳ ಸ್ಕೂಲ್ ಡೇಗೆ ತೂರಾಡ್ಕೊಂಡು ಹೋಗಿದ್ದನ್ನ ಆಫೀಸಿನ ಇಂಗ್ಲಿಷಲ್ಲಿ ಹೇಳೋಕಾಗುತ್ತಾ? ಬಾಯಿ ಬಿಡದೆ ಎದ್ದು ಬಂದ. ಕನ್ನಡದ್ದು ಸಿಗೋಕೆ ಮೂರು ವಾರ ಹಿಡೀತು. ಬಸ್ಸಲ್ಲಿ ಒಂದೂವರೆ ಗಂಟೆ ದಾರಿ. ಅಷ್ಟರಲ್ಲಿ ಅವನು ಎರಡು ಸಲ ಕುಡಿದಾಗಿತ್ತು.

ಈಗ ಹೇಳಿ, ಆ ಮೂರು ವಾರದಲ್ಲಿ ಕೊರತೆ ಇದ್ದದ್ದು ಮನಸ್ಸಿನದಾ, ವಿಳಾಸದ್ದಾ?

"ಅದು ಅನಾನಿಮಸ್ ಅಲ್ವಾ, ಗುಟ್ಟಾಗಿರಬೇಕು" ಅಂತ ಒಬ್ಬ ಗೆಳೆಯ ವಾದ ಮಾಡಿದ. ತಪ್ಪು. ಗುಟ್ಟು ಇರೋದು ಮನುಷ್ಯನ ಹೆಸರಿಗೆ, ಬಾಗಿಲಿಗಲ್ಲ. ಪ್ರಚಾರ ಬೇಡ, ಆಕರ್ಷಣೆ ಸಾಕು ಅನ್ನೋದು ಅವರ ಸಂಪ್ರದಾಯ, ಒಪ್ಪೋಣ. ಆದರೆ ಮಂಗಳವಾರ ಸಂಜೆ 7 ಗಂಟೆ, ಮಹಡಿ ಮೇಲಿನ ರೂಮು ಅಂತ ಒಂದು ಹಲಗೆ ನೇತು ಹಾಕಿದರೆ ಅದು ಪ್ರಚಾರ ಹೇಗಾಗುತ್ತೆ? ಎಎಯ ಕಥೆ ಶುರುವಾಗಿದ್ದೇ ಒಂದು ಬೋರ್ಡಿನಿಂದ ಕಣ್ರೀ. 1935ರ ಮೇ ತಿಂಗಳು, ಅಮೆರಿಕದ ಏಕ್ರನ್ ಅನ್ನೋ ಊರು. ವ್ಯಾಪಾರ ಕೈಕೊಟ್ಟು ಹೋಟೆಲಿನ ಲಾಬಿಯಲ್ಲಿ ನಿಂತಿದ್ದ ಬಿಲ್ ವಿಲ್ಸನ್‌ಗೆ ಒಂದು ಕಡೆ ಬಾರಿನ ಸದ್ದು, ಇನ್ನೊಂದು ಕಡೆ ಊರಿನ ಚರ್ಚುಗಳ ಪಟ್ಟಿ, ಪಕ್ಕದಲ್ಲಿ ಫೋನು. ತನ್ನಂಥ ಇನ್ನೊಬ್ಬ ಕುಡುಕನ ಜೊತೆ ಮಾತಾಡಬೇಕು ಅಂತ ಆ ಪಟ್ಟಿ ನೋಡಿಕೊಂಡು ಫೋನ್ ಮಾಡಿದ. ಕೈಯಿಂದ ಕೈಗೆ ದಾಟಿ ಡಾಕ್ಟರ್ ಬಾಬ್ ಸಿಕ್ಕಿದರು. ಆ ಪಟ್ಟಿ ಗೋಡೆ ಮೇಲೆ ಇಲ್ಲದಿದ್ದರೆ?

ಇನ್ನೊಂದು ಗುಮಾನಿ ನಮ್ಮ ಕಡೆಯವರದ್ದು. ಮೀಟಿಂಗ್ ಎಷ್ಟೋ ಕಡೆ ಚರ್ಚಿನ ಕಾಂಪೌಂಡಲ್ಲೋ ಶಾಲೆಯ ರೂಮಲ್ಲೋ ನಡೆಯುತ್ತೆ. ಚರ್ಚು ಅಂದ ಕೂಡಲೇ ಮನೆಯವರು ಹುಬ್ಬೇರಿಸ್ತಾರೆ. ಎಎ ಯಾವ ಮತಕ್ಕೂ ಸೇರಿದ್ದಲ್ಲ, ಫೀಸಿಲ್ಲ, ಹೊರಗಿನವರ ದೇಣಿಗೆ ತಗೊಳ್ಳಲ್ಲ. ಕುಡಿತ ಬಿಡೋ ಆಸೆ ಒಂದಿದ್ದರೆ ಸದಸ್ಯ. ದೇವರ ಮಾತು ಬರುತ್ತೆ, ಹೌದು, ಆದರೆ ಯಾವ ದೇವರು ಅನ್ನೋದು ನಿಮಗೆ ಬಿಟ್ಟಿದ್ದು. ನನಗೆ ಆ ಭಾಗ ಅಷ್ಟು ರುಚಿಸಲ್ಲ, ಅದು ಬೇರೆ ವಿಷಯ.

ಸರ್ಕಾರದ ಕಥೆ ಕೇಳಲೇಬೇಡಿ. 2025-26ರ ಬಜೆಟ್ಟಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಎತ್ತುವ ಗುರಿ ಇಟ್ಟರು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಲ್ಲಿಸಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು, ಏನಾಯ್ತು? ನಿಷೇಧ ಮಾಡಿ ಅಂತ ನಾನು ಕೇಳ್ತಿಲ್ಲ. ಬಾಟಲಿ ಮಾರೋ ಕೌಂಟರಿನ ಪಕ್ಕ, ಕನ್ನಡದಲ್ಲಿ, ತಾಲ್ಲೂಕಿನ ಮೀಟಿಂಗಿನ ವಿಳಾಸ ಬರೆಸಿ ಸಾಕು. ಧರ್ಮಸ್ಥಳದವರ ಮದ್ಯವರ್ಜನ ಶಿಬಿರದ ಬ್ಯಾನರು ಹಳ್ಳಿಹಳ್ಳಿಯಲ್ಲಿ ಕಾಣುತ್ತೆ, ಯಾರೂ ನಾಚಿಕೊಂಡಿದ್ದು ನೋಡಿಲ್ಲ. ಶಿಬಿರ ಮುಗಿಸಿದವರು ಮತ್ತೆ ಸೇರಲಿ ಅಂತ ನವಜೀವನ ಸಮಿತಿ ಮಾಡಿದ್ದಾರೆ. ಕೆಲಸ ಗೊತ್ತಿರೋರು ಅವರು.

ಒಂದು ಎಚ್ಚರಿಕೆ ಮಾತ್ರ ಇರಲಿ. ವರ್ಷಗಟ್ಟಲೆ ದಿನಾ ಕುಡಿದವನು ರೋಷಕ್ಕೆ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವಕ್ಕೇ ಅಪಾಯ. ಅಂಥವರಿಗೆ ಮೊದಲು ಡಾಕ್ಟರು, ಆಮೇಲೆ ಮೀಟಿಂಗು. ಏನೂ ತೋಚದಿದ್ದರೆ 14446 ಅನ್ನೋ ಸರ್ಕಾರದ ಉಚಿತ ಸಹಾಯವಾಣಿ ಇದೆ.

ನಾನೊಂದು ಪಟ್ಟಿ ಶುರು ಮಾಡಿದ್ದೀನಿ. ಸದ್ಯಕ್ಕೆ ಅದರಲ್ಲಿರೋದು ನಾಲ್ಕೇ ಸಾಲು :( ನಿಮ್ಮೂರಲ್ಲಿ ಕನ್ನಡದ ಮೀಟಿಂಗ್ ನಡೀತಿದ್ದರೆ ವಾರ, ಗಂಟೆ, ಕಟ್ಟಡದ ಗುರುತು, ಹೊಸಬರು ನೇರ ಬರಬಹುದಾ ಇಲ್ವಾ, ಹೆಂಗಸರು ಬರ್ತಾರಾ, ಇಷ್ಟು ಬರೆದು ಕಳಿಸಿ. ಯಾರ ಹೆಸರೂ ಬೇಡ. ಕಳಿಸೋ ಮುಂಚೆ ಒಂದು ಸಲ ಆ ಬಾಗಿಲ ತನಕ ಹೋಗಿ, ಈ ವಾರವೂ ತೆಗೆದಿದೆಯಾ ಅಂತ ನೋಡಿಕೊಂಡು ಬನ್ನಿ.