ಗಾಳಕ್ಕೆ ಜೀವಂತ ಕ್ರೇಫಿಶ್ ಬೇಡ, ಕಟ್ಟಿದ್ದೇ ಸಾಕು

ಅಮೆರಿಕದ ಪೆನ್ಸಿಲ್ವೇನಿಯಾದ ಮೀನುಗಾರಿಕೆ ನಿಯಮದಲ್ಲಿ ಒಂದು ಸಣ್ಣ ವಿನಾಯಿತಿ ಇದೆ. ಅದನ್ನು ತೆಗೆದುಹಾಕಬೇಕು ಎಂಬುದು ನನ್ನ ವಾದ. 2015ರಿಂದ ಇಲ್ಲಿ ಕ್ರೇಫಿಶ್ ಹಿಡಿದವರು ಅಲ್ಲೇ, ಆಗಲೇ, ಅದರ ತಲೆಯನ್ನು ಕಣ್ಣಿನ ಹಿಂದಕ್ಕೆ ಕತ್ತರಿಸಬೇಕು. ಆದರೆ ಹಿಡಿದ ನೀರಿನಲ್ಲೇ ಗಾಳದ ಎರೆಯಾಗಿ ಬಳಸುವುದಾದರೆ ಜೀವಂತ ಇಟ್ಟುಕೊಳ್ಳಬಹುದು. ಬೇಸಿಗೆಯಲ್ಲಿ ಸಸ್ಕ್ವೆಹಾನಾ ನದಿಯ ದಡದಲ್ಲಿ ಗಾಳ ಹಾಕುವ ನನಗೆ ಆ ವಿನಾಯಿತಿಯ ಬಕೆಟ್ಟುಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಕತ್ತಲಾದ ಮೇಲೆ ಉಳಿದದ್ದನ್ನು ಯಾರು ಎಲ್ಲಿ ಸುರಿದರು ಎಂದು ನೋಡಲು ಅಲ್ಲಿ ಯಾರೂ ಇರುವುದಿಲ್ಲ.

ಕ್ರೇಫಿಶ್ ನಮ್ಮ ಕರ್ನಾಟಕದ ಹೊಳೆಗಳ ಪ್ರಾಣಿಯಲ್ಲ. ಗಟ್ಟಿ ಚಿಪ್ಪಿನ ಸಿಗಡಿಯೊಂದಕ್ಕೆ ಏಡಿಯ ಎರಡು ಕೊಂಬು ಜೋಡಿಸಿದರೆ ಹೇಗಿರುತ್ತದೋ ಹಾಗಿರುತ್ತದೆ. ಕಲ್ಲಿನಡಿ ವಾಸ. ಇಲ್ಲಿನ ಸ್ಮಾಲ್‌ಮೌತ್ ಬಾಸ್ ಮೀನಿಗೆ ಅದು ಬಲು ಪ್ರಿಯವಾದ ಊಟ, ಹಾಗಾಗಿ ಗಾಳದವರಿಗೂ ಅದೇ ಬೇಕು. ಓಹಾಯೋ ನದಿ ಸೀಮೆಯ ರಸ್ಟಿ ಕ್ರೇಫಿಶ್ ಎಂಬ ಜಾತಿ ದೂರದ ನದಿ, ಸರೋವರಗಳಿಗೆಲ್ಲ ಹಬ್ಬಿದ್ದು ಬಹುಮಟ್ಟಿಗೆ ಹೀಗೆ, ಎರೆಯ ಬಕೆಟ್ಟಿನಲ್ಲಿ ಕೂತು. 1976ರಲ್ಲಿ ಸಸ್ಕ್ವೆಹಾನಾದ ಕೆಳಹರಿವಿನಲ್ಲಿ ಕಂಡಿತು. ಅದರ ಚಿಪ್ಪಿನ ಎರಡೂ ಬದಿಗೆ ತುಕ್ಕಿನ ಬಣ್ಣದ ಮಚ್ಚೆ ಇರುತ್ತದೆ. ನೀರೊಳಗಿನ ಗಿಡಗಳನ್ನು ಬುಡದಲ್ಲೇ ಕತ್ತರಿಸಿ ಹಾಕುತ್ತದೆ, ಮರಿಮೀನಿಗೆ ಅಡಗಲು ಮರೆಯೇ ಉಳಿಯುವುದಿಲ್ಲ. ಅಲ್ಲಿಯದೇ ಆದ ಕ್ರೇಫಿಶ್‌ಗಳನ್ನು ಕಲ್ಲಿನಡಿಯಿಂದ ಹೊರದಬ್ಬುತ್ತದೆ, ಬಯಲಿಗೆ ಬಿದ್ದವು ಮೀನಿನ ಬಾಯಿಗೆ ಹೋಗುತ್ತವೆ. ಹೆಣ್ಣು ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ತನ್ನಲ್ಲಿ ಕಾಪಿಟ್ಟುಕೊಳ್ಳಬಲ್ಲದು. ಅಂದರೆ ಒಂದು ಹೆಣ್ಣು ತಪ್ಪಿಸಿಕೊಂಡರೂ ಸಾಕು, ಆ ಹೊಳೆ ಅದರದ್ದಾಗುತ್ತದೆ.

ಜೀವಂತ ಎರೆಯಿಲ್ಲದೆ ದೊಡ್ಡ ಬಾಸ್ ಸಿಗುವುದಿಲ್ಲ ಎಂಬ ಮಾತನ್ನು ದಡದಲ್ಲಿ ಎಷ್ಟೋ ಜನ ನನಗೆ ಹೇಳಿದ್ದಾರೆ. ನಾನು ಒಪ್ಪುವುದಿಲ್ಲ. ಇದೇ ನದಿಯ ದಡದ ಮಿಡ್ಲ್‌ಟೌನಿನ ಬಾಬ್ ಕ್ಲೌಸರ್ 1980ರ ದಶಕದಲ್ಲಿ ಇಲ್ಲಿನ ಸ್ಮಾಲ್‌ಮೌತ್‌ಗೆಂದೇ ಕಟ್ಟಿದ ಫ್ಲೈಗಳು, ಅಂದರೆ ಗಾಳದ ಮೇಲೆ ನೂಲು, ಗರಿ, ತುಪ್ಪಳ ಸುತ್ತಿ ಮಾಡಿದ ನಕಲಿ ಎರೆಗಳು, ಇಂದು ಜಗತ್ತಿನ ಎಲ್ಲ ಕಡೆ ಬಳಕೆಯಲ್ಲಿವೆ. ಅವರು ಕಟ್ಟಿದ್ದರಲ್ಲಿ ಕ್ರೇಫಿಶ್ಶೂ ಒಂದು.

ಕಟ್ಟುವುದಕ್ಕೆ ಮೊದಲು ಆ ಪ್ರಾಣಿಯನ್ನು ಸರಿಯಾಗಿ ನೋಡಬೇಕು. ಹೆದರಿದ ಕ್ರೇಫಿಶ್ ಮುಂದಕ್ಕೆ ಓಡುವುದಿಲ್ಲ, ಬಾಲವನ್ನು ಹೊಟ್ಟೆಯಡಿಗೆ ಪಟ್ಟನೆ ಮಡಚಿ ಹಿಂದಕ್ಕೆ ಚಿಮ್ಮುತ್ತದೆ. ಅದಕ್ಕೇ ದಾರ ಕಟ್ಟುವ ಕುಣಿಕೆಯ ಕಡೆ ಬಾಲ ಬರಬೇಕು, ಗಾಳ ಬಾಗುವ ಕಡೆ ತಲೆ ಮತ್ತು ಕೊಂಬು. ನಾಲ್ಕನೇ ನಂಬರಿನ ಗಾಳವನ್ನು ಮೇಜಿನ ಮೇಲಿನ ಹಿಡಿಕೆಯಾದ ವೈಸಿಗೆ ಕಚ್ಚಿಸಿ, ಕಂದು ನೂಲು ಸುತ್ತಿ, ಕುಣಿಕೆಯ ಹತ್ತಿರ ಡಂಬೆಲ್ ಆಕಾರದ ಹಿತ್ತಾಳೆ ಮಣಿಯೊಂದನ್ನು ಅಡ್ಡಡ್ಡ ನೂಲು ಹಾಯಿಸಿ ಬಿಗಿಯುತ್ತೇನೆ. ಭಾರ ಗಾಳದ ಕಡ್ಡಿಯ ಮೇಲ್ಬದಿಗೆ ಕೂತಿರುವುದರಿಂದ ನೀರಿಗೆ ಬಿದ್ದ ಕೂಡಲೇ ಗಾಳ ಮಗುಚಿ, ಮೊನೆ ಮೇಲಕ್ಕೆ ತಿರುಗುತ್ತದೆ. ಈ ನದಿಯ ತಳವೆಲ್ಲ ಬಂಡೆ. ಮೊನೆ ಕೆಳಗಿದ್ದರೆ ಪ್ರತಿ ಎಸೆತಕ್ಕೂ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಹೀಗೆ ಮಗುಚುವುದನ್ನು ಲೆಕ್ಕಕ್ಕೆ ಹಿಡಿದು ಕ್ರೇಫಿಶ್ಶಿನ ಬೆನ್ನನ್ನು ವೈಸಿನಲ್ಲಿರುವಾಗ ಕೆಳಮುಖವಾಗಿ ಕಟ್ಟಬೇಕು. ಹೊಸಬರಿಗೆ ಇದನ್ನು ಬಾಯಲ್ಲಿ ಹೇಳಿದರೆ ಆಗುವುದಿಲ್ಲ, ಅಂಗೈ ಮೇಲೆ ತಿರುಗಿಸಿ ತೋರಿಸಬೇಕು.

ಕೊಂಬಿಗೆ ಮೊಲದ ತುಪ್ಪಳದ ಎರಡು ಸಣ್ಣ ಪಟ್ಟಿ. ಕಣ್ಣಿಗೆ ದಪ್ಪ ನೈಲಾನ್ ದಾರದ ತುದಿಯನ್ನು ಲೈಟರಿನಲ್ಲಿ ಕರಗಿಸಿದರೆ ಕಪ್ಪು ಗುಂಡು ಆಗುತ್ತದೆ. ಮೈಗೆ ಉಣ್ಣೆಯ ಎಳೆ, ಅದರ ಸುತ್ತ ಕೋಳಿಗರಿ, ಅದೇ ಕಾಲುಗಳು. ಅಂಗಡಿಯ ಫ್ಲೈಗಳಲ್ಲಿ ಕೊಂಬು ತೀರಾ ದೊಡ್ಡದಿರುತ್ತದೆ, ಕೊಳ್ಳುವವರ ಕಣ್ಣಿಗೆ ಅದು ಚಂದ. ಬಾಸ್‌ಗೆ ದೊಡ್ಡ ಕೊಂಬು ಎಂದರೆ ಬಾಯಿಗೆ ಗಾಯ. ಅದು ಇಷ್ಟಪಡುವುದು ಸಣ್ಣ ಕೊಂಬಿನದನ್ನು, ಅದರಲ್ಲೂ ಈಗಷ್ಟೇ ಚಿಪ್ಪು ಕಳಚಿ ಮೈ ಮೆತ್ತಗಿರುವುದನ್ನು. ಬಣ್ಣ ಯಾವುದೆಂದು ಪುಸ್ತಕ ನೋಡಬೇಕಾಗಿಲ್ಲ, ಗಾಳ ಹಾಕುವ ಜಾಗದಲ್ಲೇ ನಾಲ್ಕು ಕಲ್ಲು ಎತ್ತಿದರೆ ತಿಳಿಯುತ್ತದೆ. ಪಾಚಿಹಸಿರು, ಕಂದು, ಕೊಂಬಿನ ತುದಿಯಲ್ಲಿ ಕಿತ್ತಳೆ, ಹೊಳೆಯಿಂದ ಹೊಳೆಗೆ ಬೇರೆ ಬೇರೆ. ಮಣಿ ಮಾತ್ರ ಸೀಸದ್ದು ಬೇಡ. ಗಾಳದವರು ಕಳೆದುಕೊಂಡ ಸೀಸವನ್ನು ನುಂಗಿ ಲೂನ್ ಹಕ್ಕಿಗಳು ವಿಷವೇರಿ ಸಾಯುತ್ತವೆ.

ಎಸೆದ ಮೇಲೆ ತಳ ಮುಟ್ಟುವವರೆಗೆ ಕಾಯಬೇಕು. ಒಂದು ಗೇಣು ಎಳೆದು ಬಿಡಬೇಕು, ಅದು ಮತ್ತೆ ಇಳಿಯಬೇಕು. ಬಾಸ್ ಹೆಚ್ಚಾಗಿ ಕಚ್ಚುವುದು ಆ ಇಳಿಯುವ ಹೊತ್ತಿನಲ್ಲಿ. ದಾರ ಸ್ವಲ್ಪ ಪಕ್ಕಕ್ಕೆ ಸರಿದಂತೆ ಕಾಣುತ್ತದೆ, ಅಷ್ಟೇ.

ವಿನಾಯಿತಿ ತೆಗೆಯಬೇಕೆಂಬ ನನ್ನ ವಾದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ: ಸ್ಮಾಲ್‌ಮೌತ್ ಬಾಸ್ ಕೂಡ ಈ ನದಿಗೆ ಹೊರಗಿನದೇ ಅಲ್ಲವೇ? ಹೌದು. 1854ರಲ್ಲಿ ಬಾಲ್ಟಿಮೋರ್–ಓಹಾಯೋ ರೈಲಿನ ಎಂಜಿನ್ನಿನ ನೀರಿನ ತೊಟ್ಟಿಯಲ್ಲಿ ಕೆಲವು ಬಾಸ್‌ಗಳನ್ನು ಬೆಟ್ಟಸಾಲು ದಾಟಿಸಿ ಪೊಟೊಮ್ಯಾಕ್ ನದಿಗೆ ಬಿಟ್ಟರು. ಮುಂದೆ ಸಸ್ಕ್ವೆಹಾನಾಕ್ಕೂ ತಂದರು. ಒಂದು ಸಲ ಬಿಟ್ಟದ್ದನ್ನು ವಾಪಸ್ ತೆಗೆಯಲಾಗದು ಎಂಬುದಕ್ಕೆ ನಾವು ಹಿಡಿಯುವ ಮೀನೇ ಸಾಕ್ಷಿ. ಹಾಗಿರುವಾಗ ಇನ್ನೊಂದನ್ನು ಬಿಡಲು ಅದು ಹೇಗೆ ಸಮರ್ಥನೆಯಾದೀತು?

ಮೂಲತಃ ನಾನು ಕಾವೇರಿ ದಡದವನು. ರಾಗಿ ಉಂಡೆ ಕಟ್ಟಿ ಮಹಶೀರ್ ಮೀನಿಗೆ ಗಾಳ ಹಾಕುವವರನ್ನು ನೋಡಿ ಬೆಳೆದವನು. ಆ ನದಿಯದೇ ಆದ ಗೂನುಬೆನ್ನಿನ, ಕಿತ್ತಳೆ ರೆಕ್ಕೆಯ ಮಹಶೀರ್ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. 1970ರ ದಶಕದಿಂದ ಈಚೆಗೆ, ಮಹಶೀರ್ ಉಳಿಸಬೇಕೆಂಬ ಒಳ್ಳೆಯ ಮನಸ್ಸಿನಿಂದಲೇ, ಮಹಾರಾಷ್ಟ್ರದ ಲೋಣಾವಳದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಟ್ಟರು. ನೀಲಿ ರೆಕ್ಕೆಯದು ಹೆಚ್ಚಿತು, ಗೂನುಬೆನ್ನಿನದು ಕುಸಿಯಿತು. 2018ರಲ್ಲಿ ಗೂನುಬೆನ್ನಿನದಕ್ಕೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾಯಿತು, ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಯನ್ನೂ ಸೇರಿತು. ಅಣೆಕಟ್ಟು, ಮರಳು ಗಣಿ, ಸಿಡಿಮದ್ದು, ಇವೆಲ್ಲದರ ಪಾಲೂ ಆ ಕುಸಿತದಲ್ಲಿದೆ. ಆದರೂ ಬೇರೆ ನದಿಯ ಜೀವವನ್ನು ತಂದು ಬಿಡುವ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಮೀನು.

ಹಾಗಾಗಿ ಹ್ಯಾರಿಸ್‌ಬರ್ಗ್‌ನಲ್ಲಿರುವ ಪೆನ್ಸಿಲ್ವೇನಿಯಾದ ಮೀನುಗಾರಿಕೆ ಆಯೋಗ ವಿನಾಯಿತಿಯ ಆ ಒಂದು ವಾಕ್ಯವನ್ನು ತೆಗೆಯಲಿ. ಈಗ ದಡದಲ್ಲಿ ಜೀವಂತ ಕ್ರೇಫಿಶ್ ಕಂಡ ಅಧಿಕಾರಿ ಅದು ಈ ನೀರಿನದಲ್ಲ ಎಂದು ರುಜುವಾತು ಮಾಡಬೇಕು, ಮಾಡುವುದು ಹೇಗೆ? ವಿನಾಯಿತಿ ಹೋದರೆ ಎಲ್ಲಿ ಹಿಡಿದದ್ದು ಎಂದು ಕೇಳುವ ಅಗತ್ಯವೇ ಇರುವುದಿಲ್ಲ, ಬಕೆಟ್ಟಿನೊಳಗೆ ಇಣುಕಿ ನೋಡಿದರೆ ಸಾಕು.