ಸವಿತಾಳ ಸಾವು, ಐರ್ಲೆಂಡಿನ ಮತ, ನಮ್ಮ ಪ್ರಶ್ನೆ



ಬೆಳಗಾವಿಯ ಮಗಳು ಸವಿತಾ ಹಾಲಪ್ಪನವರ್ ನೆನಪಿದ್ದಾಳೆಯೇ? ಹಲ್ಲಿನ ವೈದ್ಯೆಯಾಗಿ ಐರ್ಲೆಂಡಿನಲ್ಲಿದ್ದಳು. 2012ರ ಅಕ್ಟೋಬರ್‌ನಲ್ಲಿ 17 ವಾರದ ಬಸಿರು ಜಾರತೊಡಗಿತು. ಮಗು ಉಳಿಯುವುದಿಲ್ಲವೆಂದು ವೈದ್ಯರಿಗೂ ಗೊತ್ತಿತ್ತು. ಗರ್ಭ ತೆಗೆಯಿರಿ ಎಂದು ಸವಿತಾ ಕೇಳಿಕೊಂಡಳು. ಭ್ರೂಣದ ಎದೆಬಡಿತ ಇರುವವರೆಗೆ ಆಗದು ಎಂದರು. ಮೈಗೆ ನಂಜೇರಿ, 31ರ ಹರೆಯದಲ್ಲೇ ತೀರಿಕೊಂಡಳು.

ಆಕೆಯನ್ನು ಕೊಂದದ್ದು ನಂಜು ಮಾತ್ರವೇ? ತಾಯಿಯ ಜೀವಕ್ಕೂ ಭ್ರೂಣದ ಜೀವಕ್ಕೂ ಸಮಾನ ಹಕ್ಕೆಂದು 1983ರಲ್ಲಿ ಆ ದೇಶದ ಜನ ಮತ ಹಾಕಿ ಸಂವಿಧಾನದಲ್ಲಿ ಬರೆಸಿದ್ದರು. ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ ಅದಕ್ಕೆ ಒಪ್ಪಿದ್ದರು.

ಅದೇ ಜನ 2018ರ ಮೇ 25ರಂದು ಮತ್ತೆ ಮತಗಟ್ಟೆಗೆ ಹೋದರು. ನನ್ನ ಮಗಳನ್ನು ನೆನೆದು ಮತ ಹಾಕಿ ಎಂದು ಬೆಳಗಾವಿಯಿಂದ ಸವಿತಾಳ ತಂದೆ ಬೇಡಿಕೊಂಡರು. ಗುಟ್ಟಾಗಿ ಇಂಗ್ಲೆಂಡಿಗೆ ಹೋಗಿ ಗರ್ಭಪಾತ ಮಾಡಿಸಿಕೊಂಡಿದ್ದ ಹೆಂಗಸರು ಬಾಯಿಬಿಟ್ಟು ತಮ್ಮ ಕಥೆ ಹೇಳಿದರು. ದೂರದೇಶದಲ್ಲಿದ್ದವರು ವಿಮಾನ, ಹಡಗು ಹತ್ತಿ ಮತ ಹಾಕಲು ಬಂದರು. ಶೇ. 66.4 ಮತದಿಂದ ಆ ಕಲಮು ಬಿದ್ದುಹೋಯಿತು.

ಅಮೆರಿಕದಲ್ಲೂ ಹಾಗೆಯೇ. 2022ರ ಜೂನ್‌ನಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಗರ್ಭಪಾತದ ಹಕ್ಕನ್ನು ಕಿತ್ತುಕೊಂಡಿತು. ಎರಡೇ ತಿಂಗಳಲ್ಲಿ, ಸಂಪ್ರದಾಯಸ್ಥರ ನಾಡೆನಿಸಿದ ಕಾನ್ಸಾಸ್‌ನಲ್ಲಿ ಸುಮಾರು ಶೇ. 59 ಮತದಾರರು ಆ ಹಕ್ಕನ್ನು ಉಳಿಸಿಕೊಂಡರು. ಎಲ್ಲೆಡೆ ಗೆಲುವೇ ಅಲ್ಲ. 2024ರಲ್ಲಿ ಫ್ಲೋರಿಡಾದಲ್ಲಿ ಶೇ. 57 ಬಂದರೂ ಸೋಲಾಯಿತು, ಅಲ್ಲಿ ಶೇ. 60 ಬೇಕಿತ್ತು.

ನಮಗೆ 1971ರಿಂದಲೇ ಕಾನೂನಿದೆ. ವಯಸ್ಕ ಹೆಣ್ಣಿನ ಒಪ್ಪಿಗೆ ಸಾಕು, ಗಂಡನ ಸಹಿ ಬೇಕಿಲ್ಲ. ಆದರೂ ಎಷ್ಟೋ ಕಡೆ ಸಹಿ ಕೇಳುತ್ತಾರೆ. ಮನೆಯಲ್ಲಾದರೆ, ಹೊಟ್ಟೆಯಲ್ಲಿರುವುದು ಹೆಣ್ಣೆಂದು ತಿಳಿದರೆ ತೆಗೆಸು ಎನ್ನುತ್ತಾರೆ. ವರದಕ್ಷಿಣೆಯ ಲೆಕ್ಕ ಅಲ್ಲಿಂದಲೇ ಶುರು. ಲಿಂಗಪತ್ತೆಯನ್ನು 1994ರ ಕಾಯಿದೆ ನಿಷೇಧಿಸಿದೆ, ಆದರೂ ಅದು ನಿಂತಿಲ್ಲ. ಬೇಡವೆಂದರೂ ಹೆರು ಎನ್ನುವುದು, ಬೇಕೆಂದರೂ ತೆಗೆಸು ಎನ್ನುವುದು ಎರಡೂ ಒಂದೇ ದಬ್ಬಾಳಿಕೆ. ಎರಡರಲ್ಲೂ ಅವಳ ಮಾತಿಗೆ ಬೆಲೆಯಿಲ್ಲ.

ಚುನಾವಣೆ ಬಂದಾಗ ನಮ್ಮ ಸಂಘಗಳ ಬಾಗಿಲಿಗೂ ಬರುತ್ತಾರೆ. ಸೀರೆ, ಸಾಲದ ಮಾತಾಡುತ್ತಾರೆ. ನಾವು ಬೇರೆ ಮಾತು ಕೇಳೋಣ. ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆ ವೈದ್ಯರಿದ್ದಾರೆಯೇ? ಗಂಡನ ಸಹಿ ಕೇಳುವುದು ನಿಂತಿದೆಯೇ? ಸ್ಕ್ಯಾನಿಂಗ್ ಕೇಂದ್ರಗಳ ತಪಾಸಣೆ ನಡೆದಿದೆಯೇ? ಉತ್ತರ ಕೊಟ್ಟವರಿಗೆ ಮತ ಎನ್ನೋಣ. ಒಬ್ಬಳೇ ಕೇಳಿದರೆ ಗದರುತ್ತಾರೆ, ಇಡೀ ಸಂಘ ಕೇಳಿದರೆ ಉತ್ತರಿಸಲೇಬೇಕು.